ವಿಜಯಪುರದ ಗಾಳಿಗೆ ಲೆಕ್ಕ ಹಾಕಿದ ಡಬ್ಬಿ ಉಪಗ್ರಹ: ಪ್ರೌಢಶಾಲೆಯಲ್ಲಿ ಕ್ಯಾನ್‌ಸ್ಯಾಟ್ ಕಟ್ಟುವ ಬಗೆ

ಎತ್ತರ 115 ಮಿಲಿಮೀಟರ್, ವ್ಯಾಸ 66 ಮಿಲಿಮೀಟರ್, ತೂಕ 350 ಗ್ರಾಂ ಒಳಗೆ. ತಂಪು ಪಾನೀಯದ ಡಬ್ಬಿಯಷ್ಟೇ ಇರುವ ಈ ಜಾಗದಲ್ಲಿ ಉಪಗ್ರಹಕ್ಕೆ ಬೇಕಾದ ಮುಖ್ಯ ಅಂಗಗಳೆಲ್ಲ ಹಿಡಿಯುತ್ತವೆ: ಬ್ಯಾಟರಿ, ಕಂಪ್ಯೂಟರು, ಸೆನ್ಸರು, ರೇಡಿಯೊ, ಹೊರಕವಚ. ಇದು ಕಕ್ಷೆಗೆ ಹೋಗುವುದಿಲ್ಲ. ನೂರು ಮೀಟರ್ ಎತ್ತರದಿಂದ ಪ್ಯಾರಾಚೂಟ್ ಬಿಚ್ಚಿಕೊಂಡು ಇಳಿಯುತ್ತದೆ, ಇಳಿಯುತ್ತಲೇ ಸೆಕೆಂಡಿಗೊಮ್ಮೆ ಗಾಳಿಯ ಒತ್ತಡ, ಉಷ್ಣತೆ ಅಳೆದು ನೆಲಕ್ಕೆ ಕಳಿಸುತ್ತದೆ. ಹೆಸರು ಕ್ಯಾನ್‌ಸ್ಯಾಟ್. ಅಮೆರಿಕದ ಪ್ರಾಧ್ಯಾಪಕ ರಾಬರ್ಟ್ ಟ್ವಿಗ್ಸ್ 1998ರಲ್ಲಿ ಈ ಕಲ್ಪನೆ ಮುಂದಿಟ್ಟರು. ಮರುವರ್ಷ ನೆವಾಡಾದ ಮರುಭೂಮಿಯಲ್ಲಿ ಮೊದಲ ಡಬ್ಬಿಗಳು ರಾಕೆಟ್ ಏರಿದವು. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇದನ್ನೇ ಪ್ರೌಢಶಾಲೆ ಮಕ್ಕಳ ಸ್ಪರ್ಧೆಯಾಗಿ ನಡೆಸುತ್ತದೆ, ಮೇಲಿನ ಅಳತೆಗಳು ಅಲ್ಲಿಯವೇ.

ಇಸ್ರೊ 2019ರಲ್ಲಿ ಆರಂಭಿಸಿದ ಯುವಿಕಾ ಎಂಬ ಬಾಹ್ಯಾಕಾಶ ಶಿಬಿರ ಒಂಬತ್ತನೇ ತರಗತಿಯ ಮಕ್ಕಳಿಗೆ ಒಳ್ಳೆಯ ಅವಕಾಶ. ಅರ್ಜಿ ಹಾಕಲೇಬೇಕು. ಆದರೆ ಅಲ್ಲಿ ಆಯ್ಕೆಯಾಗುವವರು ಕೆಲವರೇ, ಶಿಬಿರದ ಅವಧಿಯೂ ಎರಡು ವಾರದ ಆಸುಪಾಸು. ಉಳಿದವರ ಪಾಲಿಗೆ ಬಾಹ್ಯಾಕಾಶವೆಂದರೆ ಥರ್ಮಾಕೋಲ್ ರಾಕೆಟ್ಟು, ಗ್ರಹಗಳ ಚಾರ್ಟು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಯಾವ ಪ್ರೌಢಶಾಲೆಯೂ ನಾಲ್ಕೈದು ಸಾವಿರ ರೂಪಾಯಿಯ ಬಿಡಿಭಾಗಗಳಲ್ಲಿ ಒಂದು ಡಬ್ಬಿ ಕಟ್ಟಬಹುದು. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯಲ್ಲಿ ಅರ್ಧ ಸಾಮಾನು ಆಗಲೇ ಕಪಾಟಿನಲ್ಲಿರುತ್ತದೆ. ಒಂದೇ ಎಚ್ಚರ ಬೇಕು: ಕಿಟ್ ಜೊತೆ ಬರುವ ಪುಸ್ತಿಕೆಯ ಸಂಖ್ಯೆಗಳು ಸಮುದ್ರಮಟ್ಟದ, 15 ಡಿಗ್ರಿ ತಂಪಿನ ಊರಿಗೆ ಬರೆದವು. ವಿಜಯಪುರ ಇರುವುದು ಸುಮಾರು 590 ಮೀಟರ್ ಎತ್ತರದಲ್ಲಿ, ಏಪ್ರಿಲ್‌ನಲ್ಲಿ 40 ಡಿಗ್ರಿ ಬಿಸಿಲಿನಲ್ಲಿ. ಆ ವ್ಯತ್ಯಾಸವನ್ನು ಮಕ್ಕಳೇ ಲೆಕ್ಕ ಹಾಕಿ ಸರಿಪಡಿಸುವುದೇ ಈ ಕೆಲಸದ ಜೀವ. ಅದನ್ನು ಬಿಟ್ಟರೆ ಉಳಿಯುವುದು ತಂತಿ ಜೋಡಣೆ ಮಾತ್ರ.

ಕವಚ ಮತ್ತು ತೂಕದ ಪಟ್ಟಿ

ಕವಚಕ್ಕೆ ನಿಜವಾದ ಪಾನೀಯದ ಡಬ್ಬಿ ಬೇಡ. ಅಲ್ಯೂಮಿನಿಯಂ ರೇಡಿಯೊ ತರಂಗಗಳನ್ನು ತಡೆಯುತ್ತದೆ, ಒಳಗಿರುವ ಜಿಪಿಎಸ್ ಕುರುಡಾಗುತ್ತದೆ. ಅದೂ ಅಲ್ಲದೆ ಈಗ ಅಂಗಡಿಗಳಲ್ಲಿ ಸಿಗುವವು ಹೆಚ್ಚಾಗಿ ಸಪೂರ ಡಬ್ಬಿಗಳು, ವ್ಯಾಸ ಸಾಲುವುದಿಲ್ಲ. ತ್ರೀಡಿ ಪ್ರಿಂಟರ್‌ನಲ್ಲಿ ಪಿಎಲ್‌ಎ ಪ್ಲಾಸ್ಟಿಕ್ಕಿನಿಂದ ಮಾಡಿದ ಕವಚ ಚಂದ ಕಾಣುತ್ತದೆ, ಆದರೆ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಬಾಗಿಲು ಮುಚ್ಚಿದ ಜೀಪಿನಲ್ಲಿಟ್ಟರೆ ಸೊಟ್ಟಗಾಗಿಯೇ ಹೊರಬರುತ್ತದೆ. ಇವೆರಡಕ್ಕಿಂತ ಒಳ್ಳೆಯದು ಕೃಷಿ ಸಾಮಗ್ರಿ ಅಂಗಡಿಯಲ್ಲೇ ಇದೆ: ಡ್ರಿಪ್ ಮಾಡುವವರು ಒಯ್ಯುವ 63 ಮಿಲಿಮೀಟರ್ ಪಿವಿಸಿ ಪೈಪು. ತೆಳು ಗೋಡೆಯದ್ದನ್ನು ಕೇಳಿ ತರಬೇಕು. ಬಿಲ್ಲೆ, ಬೋಲ್ಟು ಸೇರಿ 115 ಮಿಲಿಮೀಟರ್ ಮೀರದಂತೆ ಕತ್ತರಿಸಿದ ತುಂಡು ಸುಮಾರು 50 ಗ್ರಾಂ ತೂಗುತ್ತದೆ, ರೇಡಿಯೊ ಅಲೆ ಸಲೀಸಾಗಿ ದಾಟುತ್ತದೆ, ಬಿಸಿಲಿಗೂ ಬಗ್ಗುವುದಿಲ್ಲ. ಮೇಲೆ ಕೆಳಗೆ 3 ಮಿಲಿಮೀಟರ್ ಪ್ಲೈವುಡ್ಡಿನ ಬಿಲ್ಲೆ, ಎರಡನ್ನೂ ಬಿಗಿಯಲು ಒಳಗಿಂದ ಹಾಯ್ದ ಮೂರು ಉದ್ದ ಬೋಲ್ಟು. ಪ್ಯಾರಾಚೂಟ್ ಜಗ್ಗುವ ಪೆಟ್ಟನ್ನು ಈ ಬೋಲ್ಟುಗಳೇ ತಡೆಯಬೇಕು. ಮೇಲಿನ ಬಿಲ್ಲೆಯನ್ನು ಬರೀ ಅಂಟಿನಿಂದ ಕೂಡಿಸಿದರೆ ಪ್ಯಾರಾಚೂಟು ಬಿಲ್ಲೆಯೊಂದನ್ನೇ ಹೊತ್ತು ಇಳಿಯುತ್ತದೆ, ಡಬ್ಬಿ ಬೇರೆ ದಾರಿ ಹಿಡಿಯುತ್ತದೆ.

ಏನನ್ನೂ ಕೊಳ್ಳುವ ಮೊದಲು ತೂಕದ ಪಟ್ಟಿ ಬರೆಯಬೇಕು. ಪೈಪು 50, ಬಿಲ್ಲೆಗಳು 20, ಬೋಲ್ಟು ನಟ್ಟು 25, ಡಬ್ಬಿಯ ಕಂಪ್ಯೂಟರಾದ ಇಎಸ್‌ಪಿ32 ಬೋರ್ಡು 10, ಚಿಕ್ಕ ಸಂದೇಶಗಳನ್ನು ದೂರಕ್ಕೆ ಕಳಿಸುವ ಲೋರಾ ರೇಡಿಯೊ ಮತ್ತು ಆಂಟೆನಾ 10, ಜಿಪಿಎಸ್ 18, ಒತ್ತಡದ ಸೆನ್ಸರ್ 2, ಮೆಮೊರಿ ಕಾರ್ಡ್ ಮತ್ತು ಅದರ ಬೋರ್ಡು 6, 18650 ಲಿಥಿಯಂ ಸೆಲ್ 47, ಸೆಲ್ಲಿನ ಹೋಲ್ಡರ್ 10, ವೋಲ್ಟೇಜು ಹದವಾಗಿಡುವ ರೆಗ್ಯುಲೇಟರ್ 3, ಬಜರ್ 5, ಬೋರ್ಡು ಬೆಸುಗೆ ತಂತಿ ಎಲ್ಲ ಸೇರಿ 30, ಪ್ಯಾರಾಚೂಟ್ ಮತ್ತು ಹಗ್ಗ 45. ಒಟ್ಟು 281 ಗ್ರಾಂ. ಉಳಿದ 69ರಲ್ಲಿ 40 ಗ್ರಾಂ ಮಕ್ಕಳು ತಾವೇ ಆರಿಸುವ ಎರಡನೇ ಪ್ರಯೋಗಕ್ಕೆ ಮೀಸಲು, 29 ಗ್ರಾಂ ಅಂದಾಜು ತಪ್ಪಿದರೆ ಇರಲೆಂದು ಉಳಿಸಿದ ಕೈಗಾವಲು. ಇವು ಅಂದಾಜು. ಒಂದೊಂದು ವಸ್ತು ಕೈಗೆ ಬಂದಂತೆ ಅಕ್ಕಸಾಲಿಗರ ತಕ್ಕಡಿಯಂಥ ಗ್ರಾಂ ತೋರಿಸುವ ತಕ್ಕಡಿಯಲ್ಲಿಟ್ಟು, ಅಂದಾಜಿನ ಪಕ್ಕದಲ್ಲಿ ನಿಜವಾದ ತೂಕ ಬರೆಯಬೇಕು. ಹೆಚ್ಚಾಗಿ ತಪ್ಪುವುದು ತಂತಿ, ಬೆಸುಗೆ, ಅಂಟಿನ ಸಾಲು. ಬಿಸಿ ಅಂಟನ್ನು ಧಾರಾಳವಾಗಿ ಸುರಿದರೆ ಕೈಗಾವಲು ಅದರಲ್ಲೇ ಕರಗಿಹೋಗುತ್ತದೆ.

ತಂಡಕ್ಕೆ ಐದಾರು ಮಕ್ಕಳು ಸಾಕು. ಒಬ್ಬರಿಗೆ ವಿದ್ಯುತ್ತು, ಒಬ್ಬರಿಗೆ ರೇಡಿಯೊ, ಒಬ್ಬರಿಗೆ ಪ್ರೋಗ್ರಾಂ, ಒಬ್ಬರಿಗೆ ಕವಚ, ಒಬ್ಬರಿಗೆ ಪ್ಯಾರಾಚೂಟು. ತೂಕದ ಪಟ್ಟಿ ಕಾಯುವವರು ಬೇರೆಯೇ ಇರಲಿ. ಯಾರ ಭಾಗ ತೂಕ ಮೀರಿದರೂ ಅವರು ಈ ಹುಡುಗಿಯನ್ನೋ ಹುಡುಗನನ್ನೋ ಕೇಳಿಯೇ ಮುಂದುವರಿಯಬೇಕು. ನಿಜವಾದ ಉಪಗ್ರಹದ ಕೆಲಸವೂ ಹೀಗೇ ಸಾಗುತ್ತದೆ.

ವಿದ್ಯುತ್ತು ಮತ್ತು ರೇಡಿಯೊ

ಅಂಗಡಿಯಿಂದ ತಂದ ಒತ್ತಡದ ಸೆನ್ಸರನ್ನು ಮೊದಲು ಪರೀಕ್ಷಿಸಬೇಕು. ಬಿಎಂಪಿ280 ಒತ್ತಡ ಮತ್ತು ಉಷ್ಣತೆ ಅಳೆಯುತ್ತದೆ, ಬಿಎಂಇ280 ಇವುಗಳ ಜೊತೆಗೆ ತೇವಾಂಶವನ್ನೂ ಅಳೆಯುತ್ತದೆ. ಮೊದಲನೆಯದನ್ನು ಎರಡನೆಯದರ ಹೆಸರಿನಲ್ಲಿ ಮಾರುವುದು ಸಾಮಾನ್ಯ. ಚಿಪ್ಪಿನ ಗುರುತಿನ ಸಂಖ್ಯೆ ಓದುವ ಎರಡು ಸಾಲಿನ ಪ್ರೋಗ್ರಾಂ ಬರೆದರೆ ಬಣ್ಣ ಬಯಲಾಗುತ್ತದೆ: ಹದಿನಾರರ ಎಣಿಕೆಯಲ್ಲಿ 60 ಬಂದರೆ ಬಿಎಂಇ, 58 ಬಂದರೆ ಬಿಎಂಪಿ. ಸೆನ್ಸರ್ ಉತ್ತರವನ್ನೇ ಕೊಡದಿದ್ದರೆ ಅದನ್ನು ಎಸೆಯುವ ಮೊದಲು ಕಂಪ್ಯೂಟರು ಅದನ್ನು ಕರೆಯುವ ವಿಳಾಸ ನೋಡಿ. ಅದೇ ಹದಿನಾರರ ಎಣಿಕೆಯಲ್ಲಿ ಕೆಲವು ಬೋರ್ಡುಗಳ ವಿಳಾಸ 76, ಕೆಲವುಗಳದ್ದು 77.

ಮೇಜಿನ ಮೇಲೆ ಯುಎಸ್‌ಬಿ ಹಚ್ಚಿದಾಗ ನೆಟ್ಟಗೆ ನಡೆದ ಡಬ್ಬಿ ಬ್ಯಾಟರಿಗೆ ಹಾಕಿದ ಕೂಡಲೇ ಮತ್ತೆ ಮತ್ತೆ ರೀಸೆಟ್ ಆಗುವುದು ಎಲ್ಲ ತಂಡಗಳೂ ಕಾಣುವ ರೋಗ. ಕಾರಣ ರೆಗ್ಯುಲೇಟರು. ಅಗ್ಗದ ಬೋರ್ಡುಗಳಲ್ಲಿರುವ 1117 ಮಾದರಿಯ ರೆಗ್ಯುಲೇಟರಿಗೆ 3.3 ವೋಲ್ಟ್ ಕೊಡಬೇಕಾದರೆ ಒಳಬರುವ ವೋಲ್ಟೇಜು ಸುಮಾರು ಒಂದು ವೋಲ್ಟು ಹೆಚ್ಚಿರಬೇಕು. ಲಿಥಿಯಂ ಸೆಲ್ ಪೂರ್ತಿ ತುಂಬಿದಾಗ 4.2, ಅರ್ಧ ಖಾಲಿಯಾದಾಗ 3.7. ರೇಡಿಯೊ ಕಳಿಸುವ ಕ್ಷಣದಲ್ಲಿ ಕರೆಂಟು ಜಗ್ಗಿದಾಗ ವೋಲ್ಟೇಜು ಕುಸಿದು ಕಂಪ್ಯೂಟರು ಎಚ್ಚರ ತಪ್ಪುತ್ತದೆ. ಸೆಲ್ ಮತ್ತು ಬೋರ್ಡಿನ ನಡುವೆ 5 ವೋಲ್ಟಿಗೆ ಏರಿಸುವ ಸಣ್ಣ ಬೂಸ್ಟ್ ಕನ್ವರ್ಟರ್ ಹಾಕಿದರೆ ಗುಣವಾಗುತ್ತದೆ. ಇಎಸ್‌ಪಿ32ರ ವೈಫೈಯನ್ನು ಪ್ರೋಗ್ರಾಂನಲ್ಲೇ ಆರಿಸಿ. ಜಿಪಿಎಸ್, ರೇಡಿಯೊ, ಬೋರ್ಡು ಸೇರಿ 200 ಮಿಲಿಆಂಪ್ ಎಂದು ಹಿಡಿದರೆ, ಹೊಲದಲ್ಲಿ ಕಾಯುವ ಮೂರು ಗಂಟೆಗೆ 600 ಮಿಲಿಆಂಪ್ ಅವರ್ ಬೇಕು. 2500ರ ಒಂದು ಸೆಲ್ಲು ಧಾರಾಳ.

ರೇಡಿಯೊ ಕೊಳ್ಳುವಾಗ ಆವರ್ತನ ನೋಡಿಯೇ ಕೊಳ್ಳಬೇಕು. ಭಾರತದಲ್ಲಿ ಪರವಾನಗಿ ಇಲ್ಲದೆ ಹೊರಾಂಗಣದಲ್ಲಿ ಬಳಸಲು ಹೊಂದುವುದು 865ರಿಂದ 868 ಮೆಗಾಹರ್ಟ್ಸ್ ಪಟ್ಟಿ. 433 ಮೆಗಾಹರ್ಟ್ಸಿನ ಬೋರ್ಡು ಅಗ್ಗವಾಗಿ ಸಿಗುತ್ತದೆ, ಆದರೆ ಅದು ನಮ್ಮಲ್ಲಿ ಒಳಾಂಗಣದ ಅತಿ ಕಡಿಮೆ ಶಕ್ತಿಯ ಬಳಕೆಗಷ್ಟೇ ಮುಕ್ತ. 868 ಎಂದು ಬರೆದ ಎರಡು ಲೋರಾ ಬೋರ್ಡು ತಂದು, ಒಂದನ್ನು ಡಬ್ಬಿಗೆ, ಇನ್ನೊಂದನ್ನು ಸಂದೇಶ ಹಿಡಿಯಲು ನೆಲದ ಲ್ಯಾಪ್‌ಟಾಪಿಗೆ ಇಟ್ಟು, ಪ್ರೋಗ್ರಾಂನಲ್ಲಿ 866ಕ್ಕೆ ಹೊಂದಿಸಿ. ಆಂಟೆನಾ ಎಂದರೆ 82 ಮಿಲಿಮೀಟರ್ ಉದ್ದದ ಒಂದು ತಂತಿ, ಅಲೆಯುದ್ದದ ಕಾಲುಭಾಗಕ್ಕಿಂತ ತುಸು ಕಡಿಮೆ. ಅದು ಡಬ್ಬಿಯ ತಳದಿಂದ ನೇರ ಕೆಳಗೆ ಇಳಿಬಿದ್ದಿರಲಿ, ನೆಲದ ಆಂಟೆನಾವೂ ನೇರ ನಿಂತಿರಲಿ. ಡಬ್ಬಿ ಮೇಲಿದೆಯೆಂದು ನೆಲದ ಆಂಟೆನಾದ ತುದಿಯನ್ನು ಅದರತ್ತ ಗುರಿ ಹಿಡಿಯುವುದು ಮಕ್ಕಳ ಸಹಜ ತಪ್ಪು. ತುದಿಯ ದಿಕ್ಕಿನಲ್ಲಿ ತಂತಿ ಆಂಟೆನಾ ಬಹುತೇಕ ಕಿವುಡು. ಹಾಗಾಗಿ ಡಬ್ಬಿಯ ನೇರ ಕೆಳಗೆ ನಿಲ್ಲದೆ ನೂರು ಮೀಟರ್ ಪಕ್ಕಕ್ಕೆ ಸರಿದು ಕೂರಬೇಕು.

ಲೋರಾದಲ್ಲಿ ಸಂದೇಶವನ್ನು ಎಷ್ಟು ಹಿಗ್ಗಿಸಿ ಕಳಿಸಬೇಕೆಂದು ಹೇಳುವ ಸ್ಪ್ರೆಡಿಂಗ್ ಫ್ಯಾಕ್ಟರ್ ಎಂಬ ಸಂಖ್ಯೆಯಿದೆ, 7ರಿಂದ 12ರವರೆಗೆ. ಹೆಚ್ಚಿಸಿದಷ್ಟು ದೂರ ಮುಟ್ಟುತ್ತದೆ ಎಂದು ಓದಿಕೊಂಡ ಮಕ್ಕಳು ನೇರವಾಗಿ 12 ಇಡುತ್ತಾರೆ. 125 ಕಿಲೋಹರ್ಟ್ಸ್ ಅಗಲದಲ್ಲಿ 20 ಬೈಟಿನ ಒಂದು ಸಂದೇಶಕ್ಕೆ 7ರಲ್ಲಿ 57 ಮಿಲಿಸೆಕೆಂಡ್ ಸಾಕು. 12ರಲ್ಲಿ ಅದೇ ಸಂದೇಶಕ್ಕೆ 1.3 ಸೆಕೆಂಡ್ ಬೇಕು. ಅಂದರೆ ಸೆಕೆಂಡಿಗೊಂದು ಸಂದೇಶ ಕಳಿಸುವುದೇ ಅಸಾಧ್ಯ. ಬಯಲಿನಲ್ಲಿ ಕೆಲವು ನೂರು ಮೀಟರಿಗೆ 7 ಸಾಕೇ ಸಾಕು. ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ ಇರಲಿ, ಎಷ್ಟು ಕಳೆದುಹೋದವೆಂದು ತಿಳಿಯಲು ಬೇರೆ ದಾರಿಯಿಲ್ಲ. ಬ್ಯಾಟರಿ ವೋಲ್ಟೇಜನ್ನೂ ಸೇರಿಸಿ.

ಬ್ರೆಡ್‌ಬೋರ್ಡು, ಚುಚ್ಚುವ ಜಂಪರ್ ತಂತಿ ಇವೆಲ್ಲ ಮೇಜಿಗೆ ಮಾತ್ರ. ಹಾರುವ ಡಬ್ಬಿಯಲ್ಲಿ ಪ್ರತಿಯೊಂದು ಕೂಡುವಿಕೆಯೂ ಬೆಸುಗೆಯದ್ದೇ ಆಗಿರಬೇಕು, ಏಕೆಂದರೆ ಪ್ಯಾರಾಚೂಟ್ ತೆರೆದ ಪೆಟ್ಟಿಗೆ ಮೊದಲು ಕಳಚುವುದು ಜಂಪರ್ ತಂತಿಯೇ. ಮೆಮೊರಿ ಕಾರ್ಡು ಸ್ಪ್ರಿಂಗಿನ ಹೋಲ್ಡರಿನದ್ದಾದರೆ ನೆಲಕ್ಕೆ ಬಡಿದಾಗ ಹೊರಜಿಗಿಯುತ್ತದೆ, ಮೇಲೊಂದು ಟೇಪ್ ಅಂಟಿಸಬೇಕು. ಸೆಕೆಂಡಿಗೊಮ್ಮೆ ಕಡತವನ್ನು ಕಾರ್ಡಿಗೆ ಬರೆದು ಮುಗಿಸುವ ಆದೇಶವೂ ಪ್ರೋಗ್ರಾಂನಲ್ಲಿರಬೇಕು. ಅದಿಲ್ಲದೆ ಇಳಿಯುವಾಗ ಸೆಲ್ ಅಲುಗಿದರೆ ಇಡೀ ಹಾರಾಟದ ದಾಖಲೆ ಖಾಲಿ ಕಡತವಾಗುತ್ತದೆ.

ಎತ್ತರ ಸುಳ್ಳು ಹೇಳುವುದು ಏಕೆ

ಸೆನ್ಸರ್ ಅಳೆಯುವುದು ಒತ್ತಡವನ್ನು. ಎತ್ತರ ನಾವು ಅದರಿಂದ ತೆಗೆಯುವ ಲೆಕ್ಕ. ಸಿದ್ಧ ಪ್ರೋಗ್ರಾಂಗಳು ಸಮುದ್ರಮಟ್ಟದ ಒತ್ತಡ 1013.25 ಹೆಕ್ಟೊಪ್ಯಾಸ್ಕಲ್ ಎಂದು ಹಿಡಿದುಕೊಂಡಿರುತ್ತವೆ. ವಿಜಯಪುರದ ನೆಲದಲ್ಲಿ ಒತ್ತಡ ಸುಮಾರು 945, ಬಾಗಲಕೋಟೆಯಲ್ಲಿ ತುಸು ಹೆಚ್ಚು, ಬೆಳಗಾವಿಯಲ್ಲಿ 925ರ ಆಸುಪಾಸು. ಸಂಖ್ಯೆ ಬದಲಿಸದೆ ಬಿಟ್ಟರೆ ಡಬ್ಬಿ ನೆಲದ ಮೇಲಿದ್ದಾಗಲೇ 590 ಮೀಟರ್ ಎನ್ನುತ್ತದೆ, ಮರುದಿನ ಹವೆ ಬದಲಾದರೆ 570 ಎಂದೂ ಹೇಳಬಹುದು. ಮೊದಲ ತಿದ್ದುಪಡಿ ಸುಲಭ: ಬಿಡುವ ಮುನ್ನ ನೆಲದಲ್ಲೇ ನೂರು ಸಲ ಒತ್ತಡ ಓದಿ, ಸರಾಸರಿ ತೆಗೆದು, ಅದನ್ನೇ ಸೊನ್ನೆ ಎತ್ತರವೆಂದು ಹಿಡಿಯುವುದು.

ಎರಡನೇ ತಿದ್ದುಪಡಿಯನ್ನು ಬಹಳ ಮಂದಿ ಮಾಡುವುದೇ ಇಲ್ಲ. ಒತ್ತಡದಿಂದ ಎತ್ತರ ತೆಗೆಯುವ ಸೂತ್ರ ಗಾಳಿಯ ಉಷ್ಣತೆ 15 ಡಿಗ್ರಿ ಎಂದು ಊಹಿಸಿಕೊಂಡಿದೆ. ಬಿಸಿ ಗಾಳಿ ಹಗುರ, ಆದ್ದರಿಂದ ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ಇಳಿಯಬೇಕಾದರೆ ಹೆಚ್ಚು ಮೇಲೇರಬೇಕು. ವಿಜಯಪುರದ ಮಟ್ಟದಲ್ಲಿ 15 ಡಿಗ್ರಿಗೆ ಅದು 8.9 ಮೀಟರ್, 40 ಡಿಗ್ರಿಗೆ 9.7 ಮೀಟರ್. ಏಪ್ರಿಲ್ ಮಧ್ಯಾಹ್ನ ಡಬ್ಬಿ ನಿಜಕ್ಕೂ 100 ಮೀಟರ್ ಏರಿದ್ದರೆ ಪ್ರೋಗ್ರಾಂ 92 ಎನ್ನುತ್ತದೆ. ಸರಿಪಡಿಸಲು, ಬಂದ ಎತ್ತರವನ್ನು ಗಾಳಿಯ ಉಷ್ಣತೆಗೆ 273 ಕೂಡಿಸಿ ಬಂದ ಸಂಖ್ಯೆಯಿಂದ ಗುಣಿಸಿ 288ರಿಂದ ಭಾಗಿಸಬೇಕು. ಡಿಸೆಂಬರ್ ಮುಂಜಾನೆ 15 ಡಿಗ್ರಿ ಇದ್ದಾಗ ಈ ತಪ್ಪು ಕಾಣುವುದೇ ಇಲ್ಲ, ಅದಕ್ಕೇ ಚಳಿಗಾಲದಲ್ಲಿ ಪರೀಕ್ಷಿಸಿದವರು ಬೇಸಿಗೆಯಲ್ಲಿ ಸೆನ್ಸರನ್ನು ಬೈಯುತ್ತಾರೆ. ಗುಣಿಸುವ ಉಷ್ಣತೆ ನೆರಳಿನಲ್ಲಿ ಹಿಡಿದ ಗಾಳಿಯದ್ದಾಗಿರಲಿ. ಬೋರ್ಡಿಗೆ ಒತ್ತಿಕೊಂಡ ಸೆನ್ಸರ್ ತೋರಿಸುವುದು ಕಂಪ್ಯೂಟರಿನ ಬಿಸಿಯನ್ನು, ಅದು ಹಲವು ಡಿಗ್ರಿ ಹೆಚ್ಚಿರುತ್ತದೆ.

ಮೂರನೆಯದು ಹೊರಗಿನ ಗಾಳಿ ಸೆನ್ಸರಿಗೆ ತಲುಪಲು ಕವಚದಲ್ಲಿ ಕೊರೆಯುವ ಗಾಳಿರಂಧ್ರ. ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಇಳಿಯುವಾಗ ತಳದ ರಂಧ್ರಕ್ಕೆ ನುಗ್ಗುವ ಗಾಳಿ 0.2 ಹೆಕ್ಟೊಪ್ಯಾಸ್ಕಲ್‌ನಷ್ಟು ಒತ್ತಡ ಹೆಚ್ಚಿಸುತ್ತದೆ, ಅಂದರೆ ಸುಮಾರು ಎರಡು ಮೀಟರ್ ತಪ್ಪು. ರಂಧ್ರಗಳು ತಳದಲ್ಲಿ ಬೇಡ. ಪಕ್ಕದ ಗೋಡೆಯಲ್ಲಿ ಸಮದೂರಕ್ಕೆ 3 ಮಿಲಿಮೀಟರಿನ ಮೂರು ರಂಧ್ರ ಕೊರೆದರೆ ಒಂದರ ತಪ್ಪನ್ನು ಇನ್ನೊಂದು ಸರಿದೂಗಿಸುತ್ತದೆ. ಸೆನ್ಸರಿನೊಳಗಿನ ಸರಾಸರಿ ಮಾಡುವ ಫಿಲ್ಟರನ್ನು ಅತಿ ಹೆಚ್ಚಿಗೆ ಇಟ್ಟರೂ ತೊಂದರೆಯೇ: ಸಂಖ್ಯೆ ಕುಣಿಯುವುದು ನಿಲ್ಲುತ್ತದೆ, ಆದರೆ ಅದು ನಿಜವಾದ ಎತ್ತರಕ್ಕಿಂತ ಹಿಂದೆ ಬೀಳುತ್ತದೆ.

ಇವನ್ನೆಲ್ಲ ಪರೀಕ್ಷಿಸಲು ಡ್ರೋನ್ ಬೇಕಿಲ್ಲ. ಶಾಲೆಯ ಮಾಳಿಗೆಯಿಂದ ಅಳತೆ ಟೇಪು ಇಳಿಬಿಟ್ಟು ನಿಜವಾದ ಎತ್ತರ ಬರೆದುಕೊಳ್ಳಿ, ಡಬ್ಬಿಯನ್ನು ಮೆಟ್ಟಿಲು ಹತ್ತಿಸಿ, ಎರಡನ್ನೂ ಹೋಲಿಸಿ.

ಪ್ಯಾರಾಚೂಟು

ಇಳಿಯುವ ವೇಗ ಸ್ಥಿರವಾದಾಗ ಡಬ್ಬಿಯ ತೂಕ ಮತ್ತು ಗಾಳಿಯ ತಡೆ ಸಮ. ಒಂಬತ್ತನೇ ತರಗತಿಯ ಬಲ, ಗುರುತ್ವದ ಪಾಠಗಳು ಇಲ್ಲಿ ಬಟ್ಟೆ ಕತ್ತರಿಸುವ ಲೆಕ್ಕವಾಗುತ್ತವೆ. ಬೇಕಾದ ವಿಸ್ತೀರ್ಣ ಪಡೆಯಲು ತೂಕದ ಬಲವನ್ನು ಎರಡರಿಂದ ಗುಣಿಸಿ, ಅದನ್ನು ಗಾಳಿಯ ಸಾಂದ್ರತೆ, ತಡೆಯ ಗುಣಾಂಕ, ವೇಗದ ವರ್ಗ ಈ ಮೂರರ ಗುಣಲಬ್ಧದಿಂದ ಭಾಗಿಸಬೇಕು. ತೂಕದ ಬಲ 0.35 ಕಿಲೋ ಗುಣಿಸು 9.8. ಚಪ್ಪಟೆ ದುಂಡು ಪ್ಯಾರಾಚೂಟಿಗೆ ಗುಣಾಂಕ 0.8 ಹಿಡಿಯಬಹುದು. ವೇಗ 6 ಮೀಟರ್. ಪುಸ್ತಿಕೆಯ ಸಾಂದ್ರತೆ, ಘನಮೀಟರಿಗೆ 1.225 ಕಿಲೋ, ಹಾಕಿದರೆ ವ್ಯಾಸ 50 ಸೆಂಟಿಮೀಟರ್ ಬರುತ್ತದೆ. ವಿಜಯಪುರದಲ್ಲಿ 35 ಡಿಗ್ರಿಗೆ ಸಾಂದ್ರತೆ 1.07 ಮಾತ್ರ, ವ್ಯಾಸ 53 ಆಗಬೇಕು. ಮೂರು ಸೆಂಟಿಮೀಟರ್ ಕಡಿಮೆ ಕತ್ತರಿಸಿದರೆ ಡಬ್ಬಿ ಶೇ. 7ರಷ್ಟು ಜೋರಾಗಿ ಇಳಿಯುತ್ತದೆ.

ಬಟ್ಟೆಗೆ ರಿಪ್‌ಸ್ಟಾಪ್ ನೈಲಾನ್ ಉತ್ತಮ. ಸಿಗದಿದ್ದರೆ ಹಳೆಯ ಕೊಡೆಯ ಬಟ್ಟೆ ಸಾಕು, ತೂತಿಲ್ಲದ್ದನ್ನು ನೋಡಿ ಆರಿಸಬೇಕು. ನಡುವೆ 5 ಸೆಂಟಿಮೀಟರ್ ವ್ಯಾಸದ ರಂಧ್ರವಿರಲೇಬೇಕು. ಅದಿಲ್ಲದಿದ್ದರೆ ಗಾಳಿ ಅಂಚಿನಿಂದ ಒಮ್ಮೆ ಆಚೆ ಒಮ್ಮೆ ಈಚೆ ಸೋರಿ ಡಬ್ಬಿ ತೊಟ್ಟಿಲಂತೆ ತೂಗುತ್ತದೆ, ಜಿಪಿಎಸ್ ಆಕಾಶವನ್ನು ಕಳೆದುಕೊಳ್ಳುತ್ತದೆ. ಎಂಟು ಹಗ್ಗ, ಒಂದೊಂದು 65 ಸೆಂಟಿಮೀಟರ್. ಹಗ್ಗ ಕಟ್ಟುವ ಕಡೆ ಬಟ್ಟೆಯನ್ನು ಎರಡು ಪದರ ಮಡಚಿ ಹೊಲಿಯಬೇಕು, ದರ್ಜಿಯ ಕೈಯಲ್ಲಿ ಹೊಲಿಸಿದರೂ ಸರಿಯೇ. ಹಗ್ಗಗಳು ಕೂಡುವಲ್ಲಿ ಮೀನಿನ ಗಾಳಕ್ಕೆ ಹಾಕುವ ತಿರುಗುವ ಕೊಂಡಿ ಹಾಕದಿದ್ದರೆ ಡಬ್ಬಿ ತಿರುಗಿದಂತೆ ಹಗ್ಗ ಹುರಿಗೊಂಡು ಪ್ಯಾರಾಚೂಟ್ ಮುದುಡುತ್ತದೆ.

ಮೊದಲು ಬಿಡುವುದು ಮರಳಿನ ಡಬ್ಬಿಯನ್ನು. ಅದೇ ತೂಕ, ಅದೇ ಆಕಾರ, ಒಳಗೆ ಒಂದೂ ಸರ್ಕ್ಯೂಟ್ ಇಲ್ಲ. ಗೋಡೆಗೆ ಮೀಟರಿಗೊಂದರಂತೆ ಸುಣ್ಣದ ಗೆರೆ ಎಳೆದು, ಮಾಳಿಗೆಯಿಂದ ಬಿಟ್ಟು, ಮೊಬೈಲಿನಲ್ಲಿ ಸೆಕೆಂಡಿಗೆ 60 ಚಿತ್ರದ ವಿಡಿಯೊ ಹಿಡಿಯಿರಿ. ಕೊನೆಯ ನಾಲ್ಕು ಮೀಟರಿಗೆ 40 ಚಿತ್ರ ಹಿಡಿದರೆ ವೇಗ ಸರಿಯಾಗಿ 6. ಮೂವತ್ತೇ ಬಂದರೆ ವೇಗ 8, ಬಟ್ಟೆ ದೊಡ್ಡದಾಗಬೇಕು. ಹತ್ತು ಸಲದಲ್ಲಿ ಒಂದು ಸಲ ಪ್ಯಾರಾಚೂಟ್ ತೆರೆಯದಿದ್ದರೂ ಮುಂದಿನ ಹಂತಕ್ಕೆ ಹೋಗುವಂತಿಲ್ಲ. ತೆರೆಯದ ಡಬ್ಬಿ ನೂರು ಮೀಟರಿನಿಂದ ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲ ಮುಟ್ಟುತ್ತದೆ, ತಲೆಗೆ ಬಿದ್ದರೆ ಜೀವಕ್ಕೆ ಅಪಾಯ. ಈ ವಿಷಯದಲ್ಲಿ ಶಿಕ್ಷಕರು ಕಠಿಣವಾಗಿಯೇ ಇರಬೇಕು.

ಬಿಡುವ ದಿನ

ಕಬ್ಬಿಗೆ, ದ್ರಾಕ್ಷಿಗೆ ಔಷಧ ಹೊಡೆಯುವ ಡ್ರೋನುಗಳು ಈಗ ಈ ಮೂರೂ ಜಿಲ್ಲೆಗಳಲ್ಲಿ ಓಡಾಡುತ್ತಿವೆ. ಹತ್ತು ಲೀಟರ್ ಹೊರುವ ಡ್ರೋನಿಗೆ 350 ಗ್ರಾಂ ಲೆಕ್ಕವೇ ಅಲ್ಲ. ಪೈಲಟ್ ಪ್ರಮಾಣಪತ್ರ ಇರುವವರನ್ನೇ ಕರೆಯಬೇಕು. ಕೆಲವು ಡ್ರೋನುಗಳಿಗೆ ಎತ್ತರದ ಮಿತಿಯನ್ನು ಒಳಗೇ ಹಾಕಿರುತ್ತಾರೆ, ಅದನ್ನು ಮೊದಲೇ ಕೇಳಿಕೊಳ್ಳಿ. ಮುಂಗಡ ಅನುಮತಿ ಬೇಡದ ಹಸಿರು ವಲಯದಲ್ಲಿ ಮಿತಿ 400 ಅಡಿ. ಬೆಳಗಾವಿಯಲ್ಲಿ ಸಾಂಬ್ರಾ ವಿಮಾನ ನಿಲ್ದಾಣದ ಸುತ್ತ ನಿರ್ಬಂಧವಿದೆ, ಜಾಗ ಗೊತ್ತು ಮಾಡುವ ಮೊದಲು ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಲೇಬೇಕು. ಡ್ರೋನಿನಿಂದ ವಸ್ತು ಬಿಡುವ ವಿಷಯವನ್ನು ಪೈಲಟ್ ಜೊತೆ, ಸ್ಥಳೀಯ ಪೊಲೀಸ್ ಠಾಣೆಯ ಜೊತೆ ಮುಂಚೆಯೇ ಮಾತಾಡಿ ಒಪ್ಪಿಗೆ ಪಡೆದಿರಬೇಕು.

ಡಬ್ಬಿಯನ್ನು ಡ್ರೋನಿಗೆ ಅಂಟಿಸಿ ಬಿಟ್ಟರೆ ರೆಕ್ಕೆಗಳ ಕೆಳಗಾಳಿ ಪ್ಯಾರಾಚೂಟನ್ನು ಮುದ್ದೆ ಮಾಡುತ್ತದೆ. ಐದು ಮೀಟರ್ ಹಗ್ಗದ ತುದಿಯಲ್ಲಿ ಬಿಡುಗಡೆಯ ಸರ್ವೊ ಮೋಟರ್, ಅದಕ್ಕೆ ಪ್ಯಾರಾಚೂಟಿನ ನೆತ್ತಿಯನ್ನು ಸಿಕ್ಕಿಸಿ, ಬಟ್ಟೆ ಹಗ್ಗ ಡಬ್ಬಿ ಎಲ್ಲ ಉದ್ದಕ್ಕೆ ಜೋತುಬಿದ್ದಿರಲಿ. ಆಗ ಕೊಂಡಿ ಬಿಟ್ಟ ಕೂಡಲೇ ಬಟ್ಟೆ ಗಾಳಿ ತುಂಬಿಕೊಳ್ಳುತ್ತದೆ. ಡಬ್ಬಿ ಹೋದ ಮೇಲೆ ಹಗುರಾದ ಹಗ್ಗ ಹಾರಿ ರೆಕ್ಕೆಗೆ ಸುತ್ತದಂತೆ ಸರ್ವೊ ಪಕ್ಕದಲ್ಲಿ 200 ಗ್ರಾಂ ನಟ್ಟು ಬೋಲ್ಟು ಕಟ್ಟಬೇಕು.

ಕಾಲ ಮತ್ತು ಹೊಲ ನೋಡಿ ದಿನ ಗೊತ್ತುಮಾಡಿ. ನೂರು ಮೀಟರ್ ಇಳಿಯಲು 17 ಸೆಕೆಂಡ್ ಬೇಕು, ಗಾಳಿ ಸೆಕೆಂಡಿಗೆ 5 ಮೀಟರ್ ಬೀಸಿದರೆ ಡಬ್ಬಿ 85 ಮೀಟರ್ ಸರಿದು ಬೀಳುತ್ತದೆ. ಆಷಾಢದ ಗಾಳಿಯಲ್ಲಿ ಆ ದೂರ ಎರಡುಪಟ್ಟೂ ಆದೀತು, ಆ ತಿಂಗಳು ಬೇಡವೇ ಬೇಡ. ಹಿಂಗಾರಿ ಜೋಳ ಆಳೆತ್ತರ ನಿಂತಾಗ ಎರಿ ಹೊಲದಲ್ಲಿ ಬಿದ್ದ ಡಬ್ಬಿ ಎರಡು ಹೆಜ್ಜೆ ಆಚೆಗೂ ಕಾಣುವುದಿಲ್ಲ, ಕಬ್ಬಿನ ಗದ್ದೆಗೆ ಬಿದ್ದರೆ ಕಟಾವಿನವರೆಗೆ ಆಸೆ ಬಿಡಬೇಕು. ಜೋಳ ಕೊಯ್ದ ಮೇಲೆ, ಫೆಬ್ರುವರಿ ಕೊನೆ ಮಾರ್ಚ್ ಮೊದಲಲ್ಲಿ, ಮುಂಜಾನೆ ಏಳರೊಳಗೆ, ಹೊಲದವರ ಒಪ್ಪಿಗೆ ಪಡೆದು ಬಿಡುವುದು ಒಳ್ಳೆಯದು. ಕವಚಕ್ಕೆ ಕೇಸರಿ ಬಣ್ಣ ಹಚ್ಚಿ. ನೆಲ ಮುಟ್ಟಿದ ಮೇಲೆ ಬಜರ್ ಕೂಗುತ್ತಿರಲಿ. ಜಿಪಿಎಸ್ ಮೊದಲ ಸಲ ಉಪಗ್ರಹಗಳನ್ನು ಹಿಡಿಯಲು ಬಯಲಿನಲ್ಲೂ ಅರ್ಧ ನಿಮಿಷದಿಂದ ಕೆಲವು ನಿಮಿಷ ಬೇಕು, ಸ್ಥಾನ ಬಂದದ್ದನ್ನು ಲ್ಯಾಪ್‌ಟಾಪ್ ಪರದೆಯಲ್ಲಿ ನೋಡದೆ ಡ್ರೋನ್ ಏರಿಸಬಾರದು. ಬೀಳುವ ಜಾಗದ ಸುತ್ತ 50 ಮೀಟರ್ ಖಾಲಿ ಇರಬೇಕು, ಹೊಲದಲ್ಲಿರುವ ಎಲ್ಲರ ತಲೆಯ ಮೇಲೂ ಹೆಲ್ಮೆಟ್ ಇರಬೇಕು.

ಎರಡನೇ ಪ್ರಯೋಗಕ್ಕೆ ಈ ಸೀಮೆಯದೇ ಒಳ್ಳೆಯ ಪ್ರಶ್ನೆಯೊಂದಿದೆ. ಚಳಿಗಾಲದ ಮೋಡವಿಲ್ಲದ ರಾತ್ರಿ ನೆಲ ಬೇಗ ತಣಿದು, ಮುಂಜಾವಿನಲ್ಲಿ ನೆಲದ ಹತ್ತಿರದ ಗಾಳಿ ತಂಪಾಗಿ, ಮೇಲಿನದೇ ಬೆಚ್ಚಗಿರುತ್ತದೆ. ಮಧ್ಯಾಹ್ನ ಇದು ತಿರುವು ಮುರುವು, ನೂರು ಮೀಟರಿಗೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಮುಂಜಾವಿನ ತಂಪು, ಇಬ್ಬನಿ ಎಂದರೆ ರೋಗದ ಚಿಂತೆ. ಒಂದೇ ದಿನ ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ ಬಿಟ್ಟರೆ ಎರಡು ನಕ್ಷೆ ಸಿಗುತ್ತವೆ. ಒತ್ತಡದ ಸೆನ್ಸರಿನೊಳಗಿನ ಉಷ್ಣತೆಮಾಪಕ ಇದಕ್ಕೆ ತೀರ ನಿಧಾನ. ಗೋಡೆಯ ಹೊರಗೆ ಚಾಚಿದ ಸಣ್ಣ ಮಣಿಯಂಥ ಥರ್ಮಿಸ್ಟರ್ ಬೇಕು, ಬಿಸಿಲು ನೇರ ಬೀಳದಂತೆ ಬಿಳಿ ಕಾಗದದ ಮರೆ ಬೇಕು. ಡ್ರೋನ್ ಮೇಲೇರುವಾಗ ಅಳೆದದ್ದನ್ನು ನಂಬಬೇಡಿ, ಡಬ್ಬಿಯ ಸುತ್ತ ಇರುವುದು ರೆಕ್ಕೆಗಳು ಮೇಲಿಂದ ತಳ್ಳಿದ ಗಾಳಿ. ಇಳಿಯುವಾಗಿನ ಅಳತೆ ಮಾತ್ರ ಲೆಕ್ಕಕ್ಕೆ.

ಆ ಮಣಿಯೂ ತುಸು ತಡವಾಗಿಯೇ ಸ್ಪಂದಿಸುತ್ತದೆ. ಅಂಗೈಯಲ್ಲಿ ಬೆಚ್ಚಗೆ ಮಾಡಿ ಫ್ಯಾನಿನ ಗಾಳಿಗೆ ಒಡ್ಡಿ, ಒಟ್ಟು ಇಳಿಕೆಯ ಶೇ. 63 ಮುಗಿಯಲು ಎಷ್ಟು ಸೆಕೆಂಡ್ ಹಿಡಿಯಿತೆಂದು ಅಳೆಯಿರಿ. ಮೂರು ಸೆಕೆಂಡ್ ಆದರೆ, ಸೆಕೆಂಡಿಗೆ 6 ಮೀಟರಿನಂತೆ ಇಳಿಯುವ ಡಬ್ಬಿ ಹೇಳುವ ಉಷ್ಣತೆ 18 ಮೀಟರ್ ಮೇಲಿನದು. ನಕ್ಷೆಯ ಗೆರೆಯನ್ನು ಅಷ್ಟು ಮೇಲೆ ಸರಿಸಿ ಎಳೆಯಬೇಕು. ಎತ್ತರದ ನಕ್ಷೆಯ ಇಳಿಜಾರಿನಿಂದ ನಿಜವಾದ ವೇಗ ತೆಗೆದು, ಆ ಮುಂಜಾನೆಯ ಒತ್ತಡ ಮತ್ತು ಉಷ್ಣತೆಯಿಂದ ಸಾಂದ್ರತೆ ಲೆಕ್ಕ ಹಾಕಿ, ಪ್ಯಾರಾಚೂಟಿನ ಗುಣಾಂಕ ನಿಜಕ್ಕೂ 0.8 ಇತ್ತೇ ಎಂದು ನೋಡಿ. 0.7 ಬಂದರೆ ಮುಂದಿನ ತಂಡ ಬಟ್ಟೆಯನ್ನು 57 ಸೆಂಟಿಮೀಟರಿಗೆ ಕತ್ತರಿಸಲಿ.